ಆರು ಡೆಸಿಬೆಲ್ಲಿನ ತುಂಡು

ಹೈದರಾಬಾದಿಗೆ ಬಂದು ಹದಿಮೂರು ವರ್ಷವಾಯಿತು. ಈಗಲೂ ಇಲ್ಲಿನವರು ಯಾರನ್ನಾದರೂ ‘ಅನ್ನಾ’ ಎಂದು ಕೂಗಿದರೆ ಅರೆಕ್ಷಣ ನನಗೆ ಊಟದ ನೆನಪಾಗುತ್ತದೆ. ನಮ್ಮಲ್ಲಿ ಅಣ್ಣ, ಅವರಲ್ಲಿ ಅನ್ನ. ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ‘ಅನ್ನ’ ಆಗಿರುವ ಒಬ್ಬರಿದ್ದಾರೆ. ಐವತ್ತು ದಾಟಿದವರು, ಡಿಪ್ಲೊಮಾ ಓದಿದವರು, ವರ್ಷಕ್ಕೊಮ್ಮೆ ರಿನ್ಯೂ ಆಗುವ ಕಾಂಟ್ರ್ಯಾಕ್ಟ್ ಮೇಲಿರುವ ಟೆಕ್ನಿಷಿಯನ್. ಕೇಬಲ್ಲನ್ನು ಸ್ವಲ್ಪ ಅಲುಗಾಡಿಸಿ, ಪರದೆ ನೋಡಿ, ಯಾವ ಕನೆಕ್ಟರ್ ಹೋಗಿದೆ ಎಂದು ಹೇಳುತ್ತಾರೆ. 2024ರ ಆಗಸ್ಟ್‌ನಲ್ಲಿ ಅವರ ತಲೆಗೆ ಬಂದ ಒಂದು ತಪ್ಪು ನನ್ನದಾಗಿತ್ತು. ಹಾಗೆಂದು ಬಾಯಿ ಬಿಟ್ಟು ಹೇಳಲು ನನಗೆ ಎರಡು ದಿನ ಹಿಡಿಯಿತು. ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಲೋಹದ ತುಂಡಿನಿಂದ ಶುರುವಾದ ಕತೆ ಅದು.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಎಂಸಿಎ ಓದಿದವನು. ಎಲೆಕ್ಟ್ರಾನಿಕ್ಸ್ ನನ್ನ ವಿಷಯವಲ್ಲ. ಬ್ಯಾಂಕಿಂಗ್ ಸಾಫ್ಟ್‌ವೇರ್, ಇನ್ಶೂರೆನ್ಸ್ ಸಾಫ್ಟ್‌ವೇರ್ ಎಂದು ಅಲ್ಲಿ ಇಲ್ಲಿ ಅಲೆದು, ಐದು ವರ್ಷದ ಹಿಂದೆ ಮೊಬೈಲ್ ನೆಟ್‌ವರ್ಕಿನ ರೇಡಿಯೋ ಪೆಟ್ಟಿಗೆಗಳನ್ನು ಮಾಡುವ ಒಂದು ಕಂಪನಿಗೆ ಸೇರಿದೆ. ತಯಾರಾದ ಬೋರ್ಡುಗಳನ್ನು ಪರೀಕ್ಷಿಸುವ ಬೆಂಚುಗಳಿಗೆ ಪ್ರೋಗ್ರಾಮ್ ಬರೆಯುವುದು ಕೆಲಸ. ಬೋರ್ಡ್ ಆನ್ ಮಾಡು, ಅಳತೆ ತೆಗೆದುಕೋ, ಪಾಸೋ ಫೇಲೋ ಬರೆ, ಮುಂದಿನ ಬೋರ್ಡಿಗೆ ಹೋಗು. ರಾತ್ರಿಯಿಡೀ ಇದು ತಾನಾಗಿಯೇ ನಡೆಯುತ್ತಿರಬೇಕು. ಬೆಳಿಗ್ಗೆ ಬಂದು ನಾವು ಫಲಿತಾಂಶ ನೋಡಬೇಕು.

ನಾನು ಸೇರಿದಾಗ ಬೆಂಚಿನ ಮೇಲೆ ಒಂದು ಹಳೆಯ ಸ್ಪೆಕ್ಟ್ರಮ್ ಅನಲೈಸರ್ ಇತ್ತು. ಅದರ ಮುಂಭಾಗದಲ್ಲಿ, ಕೇಬಲ್ ಹಾಕುವ ತೂತಿನ ಪಕ್ಕದಲ್ಲೇ, +30 ಡಿಬಿಎಂ ಮೀರಬೇಡಿ ಎಂದು ಎಚ್ಚರಿಕೆ ಬರೆದಿತ್ತು. ಅಂದರೆ ಒಂದು ವಾಟ್. ಅದು ಹಳೇ ಕಾಲದ ಅಂಬಾಸಿಡರ್ ಕಾರಿನಂಥ ಯಂತ್ರ. ಒಳಗೆ ತನ್ನದೇ ಅಟೆನ್ಯುಯೇಟರ್, ತನ್ನದೇ ಡೌನ್‌ಕನ್ವರ್ಟರ್, ತನ್ನದೇ ಡಿಜಿಟೈಸರ್, ಎಲ್ಲವೂ ಒಂದೇ ಮನೆಯಲ್ಲಿ. ಎಷ್ಟು ದೊಡ್ಡ ಸಿಗ್ನಲ್ ಕೊಟ್ಟರೂ ಒಳಗೊಳಗೇ ತಗ್ಗಿಸಿಕೊಂಡು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಅದರ ಜೊತೆ ಎರಡು ವರ್ಷ ಕಳೆದ ನನಗೆ ಅಳೆಯುವ ಉಪಕರಣಗಳೆಲ್ಲ ಹೀಗೇ ಗಟ್ಟಿ ಎಂಬ ಭಾವನೆ ಬಂದುಬಿಟ್ಟಿತ್ತು.

ಆಮೇಲೆ ವೇಗ ಬೇಕಾಯಿತು. ಅದರ ಜಾಗಕ್ಕೆ ಎರಡು ಬೇರೆ ಬೇರೆ ವಸ್ತುಗಳು ಬಂದವು. ಕಂಪ್ಯೂಟರಿನೊಳಗೆ ಕೂರುವ ಒಂದು ಡಿಜಿಟೈಸರ್ ಕಾರ್ಡ್, ಹೊರಗೆ ಇಡುವ ಒಂದು ಡೌನ್‌ಕನ್ವರ್ಟರ್ ಡಬ್ಬಿ. ಎರಡೂ ಬೇರೆ ಬೇರೆ ಕಂಪನಿಯವು.

ಓದುಗರಲ್ಲಿ ಹೆಚ್ಚಿನವರು ಈ ಕಸುಬಿನವರಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಬೋರ್ಡುಗಳು 3.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುತ್ತವೆ, ಅಂದರೆ ಸೆಕೆಂಡಿಗೆ 350 ಕೋಟಿ ಸಲ ಏರಿಳಿಯುವ ಅಲೆ. ಡಿಜಿಟೈಸರ್ ಎಂದರೆ ವೋಲ್ಟೇಜನ್ನು ಅಂಕಿಗಳಾಗಿ ಬರೆದುಕೊಳ್ಳುವ ಗುಮಾಸ್ತ. ನಮ್ಮ ಗುಮಾಸ್ತನಿಗೆ ಅಷ್ಟು ಜೋರಾಗಿ ಬರೆಯಲು ಕೈ ಓಡುವುದಿಲ್ಲ. ಆದ್ದರಿಂದ ಮಧ್ಯೆ ಡೌನ್‌ಕನ್ವರ್ಟರ್ ಎಂಬ ಡಬ್ಬಿ. ಅದು ಬಂದ ಅಲೆಯನ್ನು ತನ್ನಲ್ಲಿರುವ ಇನ್ನೊಂದು ಅಲೆಯ ಜೊತೆ ಬೆರೆಸಿ, ಮಾತು ಹಾಗೆಯೇ ಉಳಿಸಿ, ಆವರ್ತನವನ್ನು ಮಾತ್ರ 200 ಮೆಗಾಹರ್ಟ್ಸಿನ ಹತ್ತಿರಕ್ಕೆ ಇಳಿಸಿ ಕೊಡುತ್ತದೆ.

ಇಳಿಸುವುದು ಆವರ್ತನವನ್ನು. ಶಕ್ತಿಯನ್ನಲ್ಲ. ನನ್ನಂಥ ಸಾಫ್ಟ್‌ವೇರ್ ಮನುಷ್ಯ ಮೊದಲು ಎಡವುವುದೇ ಇಲ್ಲಿ. ಹೆಸರಿನಲ್ಲಿ ‘ಡೌನ್’ ಇದೆಯಲ್ಲ, ಆ ಕಡೆಯಿಂದ ಬರುವುದು ಕಡಿಮೆಯೇ ಇರುತ್ತದೆ ಎಂದು ಮನಸ್ಸು ತಾನೇ ತೀರ್ಮಾನ ಮಾಡಿಕೊಂಡುಬಿಡುತ್ತದೆ. ನಿಜಕ್ಕೂ ಆ ಡಬ್ಬಿಯೊಳಗೆ ಆಂಪ್ಲಿಫಯರುಗಳಿರುತ್ತವೆ. ನಮ್ಮದು ಬೇಕೆಂದರೆ 30 ಡೆಸಿಬೆಲ್, ಅಂದರೆ ಸಾವಿರ ಪಟ್ಟು, ಹೆಚ್ಚಿಸಿಯೂ ಕೊಡುತ್ತಿತ್ತು.

ಡೆಸಿಬೆಲ್ ಲೆಕ್ಕ ಕಷ್ಟದ್ದೇನಲ್ಲ. ಒಂದು ಮಿಲಿವಾಟ್ ಎಂದರೆ 0 ಡಿಬಿಎಂ. ಅಲ್ಲಿಂದ 10 ಕೂಡಿದರೆ ಹತ್ತು ಪಟ್ಟು, 3 ಕೂಡಿದರೆ ಸರಿಸುಮಾರು ಎರಡು ಪಟ್ಟು. ಕಳೆದರೂ ಹಾಗೆಯೇ. ಗುಣಾಕಾರವನ್ನೆಲ್ಲ ಕೂಡುವ ಲೆಕ್ಕ ಮಾಡಿಕೊಂಡರೆ ಮುಗಿಯಿತು. ನಮ್ಮ ಬೋರ್ಡು ಹೊರಹಾಕುವುದು +24 ಡಿಬಿಎಂ, ಅಂದರೆ ಕಾಲು ವಾಟ್. ಮುಂದೆ 40 ಡೆಸಿಬೆಲ್ಲಿನ ಅಟೆನ್ಯುಯೇಟರ್ ಇಟ್ಟರೆ ಉಳಿಯುವುದು -16. ಡೌನ್‌ಕನ್ವರ್ಟರ್ 13 ಕೂಡಿಸಿ -3 ಮಾಡುತ್ತದೆ. ಅಲ್ಲಿಂದ ಕಾರ್ಡಿಗೆ ಹೋಗುವ ದಾರಿಯಲ್ಲಿ ಅನ್ನ ಒಂದು ಪುಟ್ಟ ತುಂಡು ಹಾಕಿದ್ದರು. 6 ಡೆಸಿಬೆಲ್ಲಿನ ಪ್ಯಾಡ್. ಹಾಗಾಗಿ ಕಾರ್ಡಿಗೆ ತಲುಪುವುದು -9.

ಇನ್ನು ಕಾರ್ಡಿನ ಕಡೆಯಿಂದ ನೋಡಿ. ಅದರ ಪೂರ್ತಿ ಅಳತೆ 1 ವೋಲ್ಟ್ ಪೀಕ್ ಟು ಪೀಕ್. 50 ಓಮಿನ ಲೆಕ್ಕದಲ್ಲಿ ಅದು +4 ಡಿಬಿಎಂ. ಬರುವುದು -9, ಹಿಡಿಯುವುದು +4, ಬೇಕಾದಷ್ಟು ಜಾಗ ಇದೆಯಲ್ಲ ಎನ್ನಿಸುತ್ತದೆ. ಇಲ್ಲ. -9 ಎಂಬುದು ಸರಾಸರಿ. 4ಜಿ, 5ಜಿ ಸಿಗ್ನಲ್ ಎಂದರೆ ನೂರಾರು ಪುಟ್ಟ ಅಲೆಗಳು ಒಟ್ಟಿಗೆ ಹೋಗುವ ಜಾತ್ರೆ. ಆಗಾಗ ಅವೆಲ್ಲ ಒಂದೇ ಸಲ ತಲೆ ಎತ್ತುತ್ತವೆ, ಆ ಕ್ಷಣದ ಶಿಖರ ಸರಾಸರಿಗಿಂತ 10 ಡೆಸಿಬೆಲ್ ಮೇಲಿರುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಅಂದರೆ ಶಿಖರ +1ರಲ್ಲಿ. ನಿಜವಾಗಿ ಉಳಿದ ಜಾಗ ಬರೀ 3 ಡೆಸಿಬೆಲ್. ಪವರ್ ಮೀಟರ್ ಇಟ್ಟು ನೋಡಿದರೆ ಸರಾಸರಿ ಮಾತ್ರ ತೋರಿಸುತ್ತದೆ, ಶಿಖರದ ಸುದ್ದಿ ಅದಕ್ಕಿಲ್ಲ.

+4 ದಾಟಿದ ಕೂಡಲೇ ಕಾರ್ಡ್ ಸುಟ್ಟುಹೋಗುವುದಿಲ್ಲ. ಅಲೆಯ ತಲೆ ಕತ್ತರಿಸಿದ ಹಾಗಾಗಿ ಅಳತೆ ಸುಳ್ಳಾಗುತ್ತದೆ ಅಷ್ಟೆ. ಕಾರ್ಡಿನ ಪುಸ್ತಕದಲ್ಲಿ ಇನ್ನೊಂದು ಗೆರೆ ಇತ್ತು, ಹಾನಿಯ ಗೆರೆ: 4 ವೋಲ್ಟ್ ಪೀಕ್ ಟು ಪೀಕ್, ಅಂದರೆ +16. ಈ +4ಕ್ಕೂ +16ಕ್ಕೂ ನಡುವಿನ 12 ಡೆಸಿಬೆಲ್ ಒಂದು ವಿಚಿತ್ರ ಪ್ರದೇಶ. ಅಲ್ಲಿ ಉಪಕರಣ ಸುರಕ್ಷಿತ, ಆದರೆ ಹೇಳುವುದೆಲ್ಲ ಸುಳ್ಳು.

ನಮ್ಮ ಕಾಲೋನಿಯ ಕನ್ನಡಿಗರು ಸೇರಿ ಮಾಡುವ ರಾಜ್ಯೋತ್ಸವದಲ್ಲಿ ಸೌಂಡ್ ಸಿಸ್ಟಮ್ ನೋಡಿಕೊಳ್ಳುವವನು ನಾನೇ. (ಕಂಪ್ಯೂಟರ್ ಗೊತ್ತಿದ್ದವನಿಗೆ ಮೈಕೂ ಗೊತ್ತಿರಬೇಕು ಎಂಬುದು ನಮ್ಮ ಹಿರಿಯರ ನಂಬಿಕೆ.) ಒಂದು ವರ್ಷ ಮಕ್ಕಳ ನೃತ್ಯಕ್ಕೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ತಂತಿ ಎಳೆದು ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಚುಚ್ಚಿದೆ. ಮೈಕ್ ಕೊಡುವುದು ಮಿಲಿವೋಲ್ಟುಗಳಲ್ಲಿ, ಲ್ಯಾಪ್‌ಟಾಪ್ ಕೊಡುವುದು ಅದರ ನೂರಾರು ಪಟ್ಟು. ಹಾಡು ಗೊರಗೊರ ಎನ್ನತೊಡಗಿತು. ನಾನು ಕೊನೆಯ ವಾಲ್ಯೂಮ್ ತಿರುಗಿಸಿ ತಿರುಗಿಸಿ ಕಡಿಮೆ ಮಾಡಿದೆ. ಗೊರಗೊರವೇ ಮೆಲ್ಲಗೆ ಕೇಳಿಸಿತು. ಬಾಗಿಲಲ್ಲಿ ಹಾಳಾದದ್ದನ್ನು ಹಿತ್ತಲಲ್ಲಿ ಸರಿಮಾಡಲಾಗುವುದಿಲ್ಲ. ಆವತ್ತು ಅದನ್ನು ಕಣ್ಣಾರೆ ಕಂಡೂ ಲ್ಯಾಬಿಗೆ ಹೊತ್ತುಕೊಂಡು ಹೋಗಲಿಲ್ಲ ನೋಡಿ.

ಇದಕ್ಕೆ ಇನ್ನೊಂದು ಕಾರಣ ನನ್ನ ಊರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರು ಎಷ್ಟು ಬಿಟ್ಟರೋ ಅಷ್ಟು ನಮಗೆ. ಪೇಪರಿನಲ್ಲಿ 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂದು ನೋಡಿದ ಮೇಲೆಯೇ ನಮ್ಮಪ್ಪ ಚಹಾ ಕುಡಿಯುತ್ತಿದ್ದುದು. ಗೇಜ್ ಏರಿದರೆ ಮನೆಯಲ್ಲಿ ಹಬ್ಬ, ಇಳಿದರೆ ರಸ್ತೆ ತಡೆ. ಹೆಚ್ಚಾಗಿ ಬಂದರೆ ಹೆದರಬೇಕು ಎಂಬುದನ್ನು ನಮಗೆ ಯಾರೂ ಕಲಿಸಲಿಲ್ಲ, ಕಲಿಸುವ ಸಂದರ್ಭವೂ ಬರಲಿಲ್ಲ. ಲ್ಯಾಬಿನಲ್ಲೂ ನನ್ನ ಭಯವೆಲ್ಲ ಸಿಗ್ನಲ್ ಸಾಲದು ಎಂಬುದೇ. ಗದ್ದಲದಲ್ಲಿ ಮುಳುಗಿಹೋಗುತ್ತದೆ, ಇನ್ನಷ್ಟು ಬೇಕು, ಇನ್ನಷ್ಟು ಬಿಡಿ.

ಜುಲೈ ಕೊನೆಯಲ್ಲಿ ಒಂದು ಹೊಸ ಪರೀಕ್ಷೆ ಸೇರಿಸಬೇಕಾಯಿತು. ಬೋರ್ಡು ಸುಮ್ಮನಿರುವಾಗ ಅದರಿಂದ ಎಷ್ಟು ಸೋರುತ್ತದೆ ಎಂದು ಅಳೆಯುವುದು. ಸೋರಿಕೆ ಎಂದರೆ ತೀರಾ ಕ್ಷೀಣ. ಅದಕ್ಕಾಗಿ ಮುಂದಿನ ಅಟೆನ್ಯುಯೇಟರನ್ನು 40ರಿಂದ 0ಗೆ ಇಳಿಸಿದೆ, ಡೌನ್‌ಕನ್ವರ್ಟರಿನ ಗೇನ್ 13ರಿಂದ 30ಕ್ಕೆ ಏರಿಸಿದೆ. ಆದರೂ ಮಿತಿಗಿಂತ ಒಂದೆರಡು ಡೆಸಿಬೆಲ್ ಗದ್ದಲ ಹೆಚ್ಚು. ಆಗ ಕಣ್ಣಿಗೆ ಬಿದ್ದದ್ದು ಆ ಪ್ಯಾಡ್. ಸುಮ್ಮನೆ 6 ಡೆಸಿಬೆಲ್ ತಿಂದುಹಾಕುತ್ತಿದೆಯಲ್ಲ! ಅನ್ನನಿಗೆ ಚಾಟಿನಲ್ಲಿ ಬರೆದೆ: ಆ ಪ್ಯಾಡ್ ತೆಗೆದುಬಿಡಿ, ಹೊಸ ಪರೀಕ್ಷೆಗೆ ಅಡ್ಡಿಯಾಗುತ್ತಿದೆ.

ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ‘ಅದು ಇರಲಿ ಸಾರ್, ಸೇಫ್ಟಿಗೆ ಹಾಕಿದ್ದು’ ಎಂದು ತೆಲುಗಿನಲ್ಲಿ ಹೇಳಿದರು. ನಾನು ಗೇನ್ ಲೆಕ್ಕ ತೋರಿಸಿದೆ. ಇಂಗ್ಲಿಷಿನಲ್ಲಿ, ಸ್ಲೈಡ್ ಸಮೇತ. ಅವರು ಸ್ವಲ್ಪ ಹೊತ್ತು ನೋಡಿ, ಸರಿ ಸಾರ್ ಎಂದು ಹೋಗಿ ಸ್ಪ್ಯಾನರಿನಿಂದ ಬಿಚ್ಚಿ, ಪ್ಯಾಡನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ತಾರೀಕು ಬರೆದು ಡ್ರಾಯರಿನಲ್ಲಿಟ್ಟರು.

ಆ ಪ್ಯಾಡ್ ಅಲ್ಲಿ ಯಾಕಿತ್ತು ಎಂಬುದು ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಗೊತ್ತಾಗುತ್ತದೆ. ಡೌನ್‌ಕನ್ವರ್ಟರಿನ ಪುಸ್ತಕ ತನ್ನ ಇನ್‌ಪುಟ್ಟಿಗೆ ಎಷ್ಟು ಕೊಡಬಹುದು ಎಂದು ಹೇಳುತ್ತದೆ. ಡಿಜಿಟೈಸರಿನ ಪುಸ್ತಕ ತನ್ನ ಇನ್‌ಪುಟ್ಟಿಗೆ ಎಷ್ಟು ಎಂದು ಹೇಳುತ್ತದೆ. ಇವರಿಬ್ಬರ ನಡುವಿನ ಒಂದು ಅಡಿ ಕೇಬಲ್ಲಿನ ಬಗ್ಗೆ ಯಾರ ಪುಸ್ತಕದಲ್ಲೂ ಒಂದು ಸಾಲಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಎಲ್ಲವೂ ಕೆಟ್ಟುಹೋದ ದಿನ, ಡೌನ್‌ಕನ್ವರ್ಟರಿನ ಕೊನೆಯ ಆಂಪ್ಲಿಫಯರ್ ಅತಿ ಹೆಚ್ಚೆಂದರೆ ಎಷ್ಟು ದೂಡಬಲ್ಲದು? ಎಷ್ಟೇ ಸಿಗ್ನಲ್ ತುಂಬಿದರೂ ಪ್ರತಿ ಆಂಪ್ಲಿಫಯರಿಗೂ ಒಂದು ಮಿತಿ ಇರುತ್ತದೆ, ಅದರಾಚೆ ಅದರ ಕೈಲಾಗುವುದಿಲ್ಲ. ನಮ್ಮದರ ಮಿತಿ +21. ಕಾರ್ಡಿನ ಹಾನಿಯ ಗೆರೆ +16. ನಡುವೆ 6 ಡೆಸಿಬೆಲ್ ಪ್ಯಾಡ್ ಇದ್ದರೆ ಕಾರ್ಡಿಗೆ ತಲುಪುವುದು ಹೆಚ್ಚೆಂದರೆ +15. ಒಂದು ಡೆಸಿಬೆಲ್ಲಿನ ಅಂತರದಲ್ಲಿ ಕಾರ್ಡ್ ಬದುಕುತ್ತದೆ. ಸಾಫ್ಟ್‌ವೇರಿನಲ್ಲಿ ನಾನು ಏನೇ ಎಡವಟ್ಟು ಮಾಡಿದರೂ ಬದುಕುತ್ತದೆ. ಅನ್ನ ಆ ಲೆಕ್ಕವನ್ನು ಕಾಗದದ ಮೇಲೆ ಮಾಡಿದ್ದರೋ ಇಲ್ಲವೋ, ಸರಿಯಾದ ತುಂಡನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದರು.

ಆಗಸ್ಟ್ 9, ಶುಕ್ರವಾರ ರಾತ್ರಿ. ಸೋರಿಕೆ ಪರೀಕ್ಷೆಯ ಮಧ್ಯೆ ನೆಟ್‌ವರ್ಕ್ ಒಂದು ಕ್ಷಣ ಕೈಕೊಟ್ಟು ನನ್ನ ಪ್ರೋಗ್ರಾಮ್ ತಪ್ಪಿಸಿಕೊಂಡು ಹೊರಬಂತು. ಬರುವಾಗ ಅಟೆನ್ಯುಯೇಟರನ್ನು 40ಕ್ಕೆ ಮರಳಿಸಲಿಲ್ಲ, ಗೇನನ್ನು ಇಳಿಸಲಿಲ್ಲ. ಮುಂದಿನ ಬೋರ್ಡಿನ ಸರದಿ. ಆ ಪರೀಕ್ಷೆಯಲ್ಲಿ ನಾನು ಮೊದಲು ಟ್ರಾನ್ಸ್‌ಮಿಟರ್ ಆನ್ ಮಾಡಿ ಆಮೇಲೆ ಅಟೆನ್ಯುಯೇಟರ್ ಹೊಂದಿಸುತ್ತಿದ್ದೆ. ಅದು ಯಾವಾಗಲೂ 40ರಲ್ಲೇ ಇರುತ್ತದಲ್ಲ ಎಂದುಕೊಂಡು. ಆವತ್ತು 0ಯಲ್ಲಿತ್ತು. ಕಾಲು ವಾಟ್ ನೇರವಾಗಿ ಡೌನ್‌ಕನ್ವರ್ಟರಿಗೆ ನುಗ್ಗಿತು. ಅದು ತಡೆದುಕೊಂಡಿತು, ಅದರ ಇನ್‌ಪುಟ್ ಮಿತಿ +27. ತಡೆದುಕೊಂಡು ತನ್ನ ಕೈಲಾದಷ್ಟನ್ನೂ ಆ ಕಡೆ ದೂಡಿತು. 4 ವೋಲ್ಟ್ ಮಾತ್ರ ತಡೆಯುವ ಕಾರ್ಡಿನ ಮೇಲೆ 7 ವೋಲ್ಟ್. ಲಾಗಿನ ಪ್ರಕಾರ ಎರಡು ಸೆಕೆಂಡಿಗೂ ಕಡಿಮೆ.

ಕಾರ್ಡ್ ಸತ್ತಿದ್ದರೆ ಒಳ್ಳೆಯದಿತ್ತು. ಸಾಯಲಿಲ್ಲ. ಅರೆಜೀವದಲ್ಲಿ ಉಳಿದು ಅಂಕಿಗಳನ್ನು ಕೊಡುತ್ತಲೇ ಇತ್ತು, ಸ್ವಲ್ಪ ಕಡಿಮೆ, ಸ್ವಲ್ಪ ಸೊಟ್ಟ. ಶನಿವಾರ, ಸೋಮವಾರ, ಮಂಗಳವಾರ ಮಧ್ಯಾಹ್ನದವರೆಗೆ ಒಳ್ಳೊಳ್ಳೆಯ ಬೋರ್ಡುಗಳೆಲ್ಲ ಫೇಲಾಗಿ ಪ್ರೊಡಕ್ಷನ್ ಲೈನಿಗೆ ವಾಪಸ್ ಹೋದವು. ಅಲ್ಲಿನವರು ತಪ್ಪೇ ಇಲ್ಲದ ಬೋರ್ಡುಗಳಲ್ಲಿ ತಪ್ಪು ಹುಡುಕುತ್ತ ಎರಡು ಶಿಫ್ಟ್ ಕಳೆದರು.

ಆ ಭಾನುವಾರ ಬೆಳಿಗ್ಗೆ ಅಪ್ಪನ ಫೋನ್ ಬಂದಿತ್ತು. ಹಿಂದಿನ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ನಿಮಗೆಲ್ಲ ನೆನಪಿರುತ್ತದೆ. ಗದ್ದೆಗೆ ಆಗಷ್ಟೇ ಸಸಿ ಹಚ್ಚಿದ್ದರು. ‘ಡ್ಯಾಮ್ ತುಂಬ ನೀರಿದ್ದವು ತಮ್ಮಾ, ಈಗ ನೋಡಿದ್ರ ನದಿಗೆ ಬಿಡಾಕತ್ತಾರ’ ಎಂದರು. ಮುರಿದ ಗೇಟಿನ ಮೇಲಿನ ಒತ್ತಡ ತಗ್ಗಿಸಲು 33 ಗೇಟುಗಳಲ್ಲಿ ಉಳಿದವನ್ನೂ ಎತ್ತಿದ್ದರು. ಅಪ್ಪನ ದನಿಯಲ್ಲಿ ನೀರು ಜಾಸ್ತಿ ಎಂಬ ಭಯವನ್ನು ನಾನು ಕೇಳಿದ್ದು ಅದೇ ಮೊದಲು.

ಬುಧವಾರ ಮೀಟಿಂಗ್. ಹೊಸ ಕಾರ್ಡಿಗೆ ಒಂಬತ್ತು ಲಕ್ಷದ ಹತ್ತಿರ. ರಿಪೇರಿಗೆ ವಿದೇಶಕ್ಕೆ ಕಳಿಸಿದರೆ ಆರು ವಾರ. ಮ್ಯಾನೇಜರ್ ಬೆಂಚಿನ ಹಳೆಯ ಫೋಟೋ ಮತ್ತು ಹೊಸ ಫೋಟೋ ಅಕ್ಕಪಕ್ಕ ಹಾಕಿದ್ದರು. ಹಳೆಯದರಲ್ಲಿ ಪ್ಯಾಡ್ ಇದೆ, ಹೊಸದರಲ್ಲಿ ಇಲ್ಲ. ‘ಇದನ್ನು ತೆಗೆದದ್ದು ಯಾರು?’

‘ನಾನೇ ಸಾರ್’ ಎಂದರು ಅನ್ನ.

ಅಷ್ಟೇ ಹೇಳಿದರು. ಯಾರು ತೆಗೆಯಲು ಹೇಳಿದರು ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅವರು ನೋಡಿದ್ದರೆ ಬಹುಶಃ ನಾನು ಬಾಯಿ ತೆರೆಯುತ್ತಿದ್ದೆ. ಅಥವಾ ಹಾಗೆಂದು ಈಗ ಅಂದುಕೊಳ್ಳುತ್ತಿದ್ದೇನೆ. ಪ್ಯಾಡ್ ತೆಗೆದದ್ದು ಕಾರಣವೇ ಅಥವಾ ಬೇರೆ ಏನಾದರೂ ಆಯಿತೇ ಎಂದು ನಾನು ಒಂದು ಪ್ರಶ್ನೆ ಕೇಳಿದೆ, ತಾಂತ್ರಿಕವಾಗಿ, ಬಹಳ ಸಂಭಾವಿತನ ಹಾಗೆ. ಮ್ಯಾನೇಜರ್ ತಲೆಯಾಡಿಸಿ, ಲಾಗ್ ನೋಡಿ ಹೇಳಿ ಎಂದು ಆ ಕೆಲಸವನ್ನು ನನಗೇ ಒಪ್ಪಿಸಿದರು. ಆಮೇಲೆ ಮೆಲ್ಲಗೆ, ಅನ್ನನ ಕಾಂಟ್ರ್ಯಾಕ್ಟ್ ಸೆಪ್ಟೆಂಬರಿಗೆ ಮುಗಿಯುತ್ತದಲ್ಲವೇ ಎಂದು ಎಚ್‌ಆರ್‌ನವರನ್ನು ಕೇಳಿದರು.

ಆ ರಾತ್ರಿ ಲಾಗ್ ತೆರೆದು ಕೂತೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಪ್ರತಿ ಅಳತೆಯ ಜೊತೆ ಕಾರ್ಡ್ ಒಂದು ಬಿಟ್ ಕಳಿಸುತ್ತದೆ, ಓವರ್‌ಲೋಡ್ ಆಗಿದೆಯೋ ಇಲ್ಲವೋ ಎಂದು. ಶುಕ್ರವಾರ ರಾತ್ರಿ 11 ಗಂಟೆ ದಾಟಿದ ಮೇಲೆ ಆ ಬಿಟ್ 1 ಆಗಿತ್ತು. ಕಾರ್ಡ್ ಕೂಗಿ ಹೇಳಿತ್ತು. ನನ್ನ ಪ್ರೋಗ್ರಾಮಿನಲ್ಲಿ ಆ ಬಿಟ್ ಓದುವ ಸಾಲೇ ಇರಲಿಲ್ಲ. ಓದಿದ್ದರೂ ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತಿತ್ತು, ಆದರೆ ಮೂರು ದಿನ ಒಳ್ಳೆಯ ಬೋರ್ಡುಗಳನ್ನು ಫೇಲ್ ಮಾಡುವುದಾದರೂ ತಪ್ಪುತ್ತಿತ್ತು.

ಇನ್ನೊಂದೂ ಕಾಣಿಸಿತು. ಪರದೆಯ ಮೇಲೆ ನಾವು ಯಾವಾಗಲೂ ನೋಡುತ್ತಿದ್ದ ಅಂಕಿ -16. ಸಾಫ್ಟ್‌ವೇರಿನಲ್ಲಿ ‘ಹೊರಗಿನ ಗೇನ್’ ಎಂದು ತುಂಬುವ ಒಂದು ಖಾನೆ ಇದೆ. ಅಲ್ಲಿ ಅಂಕಿ ತುಂಬಿದರೆ ಅದು ಡೌನ್‌ಕನ್ವರ್ಟರಿನ ಮತ್ತು ಪ್ಯಾಡಿನ ಲೆಕ್ಕ ಕಳೆದು, ಡಬ್ಬಿಯ ಆಚೆ ಎಷ್ಟಿದೆ ಎಂದು ತೋರಿಸುತ್ತದೆ. ಅಳತೆಗೆ ಅದೇ ಬೇಕು, ನಿಜ. ಆದರೆ ಕಾರ್ಡಿನ ಮೈಮೇಲೆ ಎಷ್ಟು ಬೀಳುತ್ತಿದೆ ಎಂಬ ಅಂಕಿ ಎಲ್ಲೂ ಕಾಣುವುದಿಲ್ಲ. ಎರಡು ವರ್ಷ ನಾನು -16 ನೋಡಿ ಕಾರ್ಡಿಗೂ -16 ಎಂದೇ ನಂಬಿದ್ದೆ. ಅದೂ ಸಾಲದೆಂದು, ಪರದೆ ತೋರಿಸುವುದು ನಾವು ಆಯ್ದುಕೊಂಡ ಪಟ್ಟಿಯನ್ನು ಮಾತ್ರ. ಆ ಪಟ್ಟಿಯ ಆಚೆ ದೊಡ್ಡ ಸಿಗ್ನಲ್ ಏನಾದರೂ ಕುಣಿಯುತ್ತಿದ್ದರೆ ಕಾರ್ಡಿಗೆ ಅದರ ಏಟು ಬೀಳುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಗುರುವಾರ ಆಗಸ್ಟ್ 15, ರಜೆ. ಅಪಾರ್ಟ್‌ಮೆಂಟಿನಲ್ಲಿ ಧ್ವಜಾರೋಹಣ, ಬೂಂದಿ ಲಡ್ಡು. ಮಗಳು ಯಾಕಪ್ಪ ಸುಮ್ಮನಿದ್ದೀಯ ಎಂದಳು. ಹೆಂಡತಿಗೆ ಹೇಳಲಿಲ್ಲ. ಮಧ್ಯಾಹ್ನ ಟೆರೇಸಿಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದೆ, ಡ್ಯಾಮ್ ಏನಾಯಿತು ಎಂದು ಕೇಳುವ ನೆಪದಲ್ಲಿ. ಇನ್ನೂ ಗೇಟು ಕೂತಿರಲಿಲ್ಲ. ಮಾತಾಡುತ್ತ ಆಡುತ್ತ ಎಲ್ಲವನ್ನೂ ಹೇಳಿದೆ. ಡಿಬಿಎಂ, ಪ್ಯಾಡ್ ಎಂದರೆ ಅವರಿಗೇನು ಗೊತ್ತು, ತೂಬಿಗೆ ಅಡ್ಡ ಇಟ್ಟ ಹಲಗೆ ತೆಗೆಸಿದೆ, ಒಡ್ಡು ಒಡೆಯಿತು ಎಂದೆ.

‘ತಗಿ ಅಂತ ಹೇಳಿದಾಂವ ಯಾರು?’

‘ನಾನು.’

‘ಅಂವ ಬ್ಯಾಡ ಅಂದಿದ್ನೇನು?’

‘ಹೂಂ. ಅಂದಿದ್ರು.’

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಂವಗ ಮಕ್ಕಳು ಎಷ್ಟು ಮಂದಿ?’ ಎಂದರು. ನನಗೆ ಗೊತ್ತಿರಲಿಲ್ಲ. ಐದು ವರ್ಷ ಒಂದೇ ಲ್ಯಾಬಿನಲ್ಲಿ ಕೆಲಸ ಮಾಡಿದ್ದೆ, ಅವರ ಮನೆಯ ಸಂಕ್ರಾಂತಿ ಅರಿಸೆಲು ತಿಂದಿದ್ದೆ, ಗೊತ್ತಿರಲಿಲ್ಲ. ‘ಕೇಳ್ಕೊಂಡು ಹೇಳು’ ಎಂದು ಫೋನ್ ಇಟ್ಟರು.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೋಗುವಾಗ ಆ ಚಾಟಿನ ಪ್ರಿಂಟ್ ತೆಗೆದುಕೊಂಡು ಹೋದೆ. ಬಾಯಿಮಾತಿನಲ್ಲಿ ಹೇಳಲು ಹೋದರೆ ನಾನು ಎಲ್ಲೋ ಒಂದು ಕಡೆ ತೇಲಿಸಿಬಿಡುತ್ತೇನೆ ಎಂಬ ಅನುಮಾನ ನನ್ನ ಮೇಲೆ ನನಗೇ ಇತ್ತು. ಅವರು ಓದಿದರು, ಲಾಗ್ ನೋಡಿದರು. ಬೈಯಲಿಲ್ಲ. ‘ಇದನ್ನು ಬುಧವಾರವೇ ಹೇಳಬಹುದಿತ್ತಲ್ಲ’ ಎಂದರು. ಬೈದಿದ್ದರೆ ವಾಸಿಯಿತ್ತು. ಆ ವರ್ಷ ನನ್ನ ಅಪ್ರೈಸಲ್ ಹೇಗಾಯಿತು ಎಂದು ಬರೆಯುವ ಅಗತ್ಯವಿಲ್ಲ. ಮ್ಯಾನೇಜರ್ ನ್ಯಾಯವಾಗಿಯೇ ನಡೆದುಕೊಂಡರು ಎಂದಷ್ಟೇ ಹೇಳುತ್ತೇನೆ. ಅನ್ನನ ಕಾಂಟ್ರ್ಯಾಕ್ಟ್ ರಿನ್ಯೂ ಆಯಿತು.

ಅನ್ನನ ಹತ್ತಿರ ಹೋದಾಗ ಅವರು ಹಾಳಾದ ಕಾರ್ಡನ್ನು ಪ್ಯಾಕ್ ಮಾಡುತ್ತಿದ್ದರು. ನನ್ನ ಅರೆಬರೆ ತೆಲುಗಿನಲ್ಲಿ ಕ್ಷಮೆ ಕೇಳಿದೆ. ‘ಪರವಾಲೇದು ಸಾರ್’ ಎಂದರು. ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಟೇಪ್ ಕತ್ತರಿಸುತ್ತ, ‘ಮೀರು ಚೆಪ್ಪಾರು, ನೇನು ತೀಸಾನು. ತೀಸಿಂದಿ ನೇನೇ ಕದಾ’ ಎಂದರು. ನೀವು ಹೇಳಿದಿರಿ, ನಾನು ತೆಗೆದೆ, ತೆಗೆದವನು ನಾನೇ ತಾನೆ. ಇದು ಕ್ಷಮೆಯೋ ಚುಚ್ಚುಮಾತೋ ಈಗಲೂ ನನಗೆ ತಿಳಿದಿಲ್ಲ. ಮಕ್ಕಳು ಎಷ್ಟು ಎಂದು ಕೇಳಿದೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಆಗ ಎಂಜಿನಿಯರಿಂಗ್ ಕೊನೆಯ ವರ್ಷ, ಎಲೆಕ್ಟ್ರಾನಿಕ್ಸ್.

ತಮಾಷೆಯೆಂದರೆ, ಆಮೇಲೆ ಪ್ಯಾಡ್ ಹಾಕಿ ಒಮ್ಮೆ, ತೆಗೆದು ಒಮ್ಮೆ, ಸೋರಿಕೆ ಪರೀಕ್ಷೆ ಮಾಡಿ ನೋಡಿದೆವು. ವ್ಯತ್ಯಾಸ ಅರ್ಧ ಡೆಸಿಬೆಲ್ಲಿಗಿಂತ ಕಡಿಮೆ. ಡೌನ್‌ಕನ್ವರ್ಟರ್ 30 ಡೆಸಿಬೆಲ್ ಗೇನಿನಲ್ಲಿರುವಾಗ ಕೇಳಿಸುವ ಗದ್ದಲ ಅದರದ್ದೇ. ಪ್ಯಾಡ್ ಸಿಗ್ನಲ್ಲನ್ನೂ ಆ ಗದ್ದಲವನ್ನೂ ಒಂದೇ ಸಮ ತಗ್ಗಿಸುತ್ತದೆ, ಆದರೂ ಅದು ಕಾರ್ಡಿನ ಸ್ವಂತ ಗದ್ದಲಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಸುಮ್ಮನೆ ತಿಂದುಹಾಕುತ್ತಿದೆ ಎಂದು ನಾನು ತೆಗೆಸಿದ 6 ಡೆಸಿಬೆಲ್‌ನಿಂದ ನನಗೆ ಸಿಕ್ಕ ಲಾಭ ಏನೂ ಇರಲಿಲ್ಲ. ನಿಜವಾಗಿ ಬೇಕಿದ್ದದ್ದು ಡೌನ್‌ಕನ್ವರ್ಟರಿನ ಮುಂದೆ ಒಂದು ಒಳ್ಳೆಯ, ಕಡಿಮೆ ಗದ್ದಲದ ಆಂಪ್ಲಿಫಯರ್. ಸೋರಿಕೆಗೆಂದೇ ಬೇರೆ ದಾರಿ ಮಾಡಿ, ಅಲ್ಲಿ ಅದನ್ನು ಹಾಕಿ, ಟ್ರಾನ್ಸ್‌ಮಿಟರ್ ಆನ್ ಇರುವಾಗ ಆ ದಾರಿ ತೆರೆಯದ ಹಾಗೆ ಸ್ವಿಚ್ ಇಟ್ಟೆವು.

ಪ್ರೋಗ್ರಾಮಿನಲ್ಲೂ ಬದಲಾಯಿಸಿದ್ದು ಉಂಟು. ಯಾವ ಪರೀಕ್ಷೆ ಹೇಗೆ ಮುಗಿದರೂ, ಅರ್ಧಕ್ಕೆ ಕುಸಿದು ಬಿದ್ದರೂ, ಮೊದಲು ಟ್ರಾನ್ಸ್‌ಮಿಟರ್ ಆಫ್, ಆಮೇಲೆ ಅಟೆನ್ಯುಯೇಟರ್ ಗರಿಷ್ಠಕ್ಕೆ, ಗೇನ್ ಕನಿಷ್ಠಕ್ಕೆ. ಆನ್ ಮಾಡುವಾಗ ಇದರ ತಿರುವುಮುರುವು. ಓವರ್‌ಲೋಡ್ ಬಿಟ್ 1 ಬಂದರೆ ಆ ಅಳತೆ ಪಾಸೂ ಅಲ್ಲ ಫೇಲೂ ಅಲ್ಲ, ಬೆಂಚು ನಿಲ್ಲಬೇಕು. ಪರದೆಯ ಮೂಲೆಯಲ್ಲಿ ಎರಡನೇ ಅಂಕಿ ಸೇರಿಸಿದೆ, ಕಾರ್ಡಿಗೆ ಬೀಳುತ್ತಿರುವುದು ಎಷ್ಟು, ಶಿಖರದ ಲೆಕ್ಕ ಸೇರಿಸಿ. ಆದರೆ ಇವೆಲ್ಲ ನಾನು ಬರೆದ ಸಾಲುಗಳು. ನನ್ನ ಸಾಲುಗಳು ತಪ್ಪಿದ ದಿನ ಕೆಲಸ ಮಾಡಬೇಕಾದದ್ದು ಆ ತುಂಡು. ಅದಕ್ಕೆ ಕರೆಂಟು ಬೇಡ, ಅಪ್‌ಡೇಟ್ ಬೇಡ, ನೆಟ್‌ವರ್ಕ್ ಬೇಡ.

ಆ ವಾರಾಂತ್ಯದ ಹೊತ್ತಿಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಡ್ಯಾಮಿನ ನೀರು ನಿಲ್ಲಿಸಿದರು. ಅಪ್ಪ ಫೋನ್ ಮಾಡಿ ಆ ಸುದ್ದಿ ಹೇಳಿದ ಮೇಲೆ, ‘ಎಷ್ಟು ಮಂದಿ ಅಂದ?’ ಎಂದು ಕೇಳಿದರು. ಇಬ್ಬರು ಎಂದೆ.

ರಿಪೇರಿಯಾದ ಕಾರ್ಡ್ ಅಕ್ಟೋಬರಿನಲ್ಲಿ ಬಂತು. ಅನ್ನ ಡ್ರಾಯರಿನಿಂದ ಆ ಪ್ಲಾಸ್ಟಿಕ್ ಚೀಲ ತೆಗೆದು, ಪ್ಯಾಡನ್ನು ಸ್ಪಿರಿಟಿನಲ್ಲಿ ಒರೆಸಿ, ಮೊದಲಿದ್ದ ಜಾಗದಲ್ಲೇ ಕೂರಿಸಿ, ಟಾರ್ಕ್ ಸ್ಪ್ಯಾನರಿನಿಂದ ಕಟ್ ಎನ್ನುವವರೆಗೆ ಬಿಗಿದರು. ಆಮೇಲೆ ಒಂದು ಹಳದಿ ಟ್ಯಾಗ್ ಕಟ್ಟಿದರು. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ತೆಲುಗಿನಲ್ಲಿ ‘ತೀಯವದ್ದು’. ಮಾರ್ಕರ್ ಪೆನ್ನು ನನ್ನ ಕೈಗೆ ಕೊಟ್ಟು, ‘ಮೀರೂ ರಾಯಂಡಿ ಸಾರ್, ಮೀ ಭಾಷಲೋ’ ಎಂದರು. ಅವರು ನಗುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಉಳಿದ ಚೂರು ಜಾಗದಲ್ಲಿ ‘ತೆಗೆಯಬೇಡಿ’ ಎಂದು ಬರೆದೆ. ಅನ್ನ ಕನ್ನಡಕ ಹಣೆಗೇರಿಸಿ ಅಕ್ಷರ ಅಕ್ಷರವಾಗಿ ಓದಿದರು, ಸರಿಯಾಗಿಯೇ ಓದಿದರು.

‘ಇದಿ ತೆಲುಗೇ ಕದಾ ಸಾರ್, ಕೊಂಚಂ ತಪ್ಪುಗಾ ರಾಸಾರು’ ಎಂದರು.